ಕಸವೆಂಬ ಹೆಸರು

ಆದಾಮನು ಪಶುಗಳಿಗೂ ಪಕ್ಷಿಗಳಿಗೂ ಕಾಡುಮೃಗಗಳಿಗೂ ಹೆಸರಿಟ್ಟ ಸಂಗತಿಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ಆದರೆ ಆದಿಕಾಂಡದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ವಿಶೇಷವು ಕಾಣುವದು. ಅವನು ಗಿಡಮರಗಳಿಗೆ ಹೆಸರಿಟ್ಟನೆಂಬ ಮಾತು ಅಲ್ಲಿ ಇಲ್ಲ. ತೋಟವನ್ನು ಕಾಯುವ ಕೆಲಸವು ಅವನಿಗಿತ್ತು, ಹಣ್ಣನ್ನು ತಿನ್ನುವ ಅಪ್ಪಣೆಯೂ ಇತ್ತು. ಸಸ್ಯಗಳು ಮಾತ್ರ ಹೆಸರಿಗಾಗಿ ಅವನ ಮುಂದೆ ಬರಲಿಲ್ಲ. ಬರುವದಾದರೂ ಹೇಗೆ? ಗಿಡಕ್ಕೆ ಕಾಲಿಲ್ಲ. ಅದರ ಹೆಸರನ್ನು ತಿಳಿಯಬೇಕಾದವನು ತಾನೇ ಅದರ ಬಳಿಗೆ ಹೋಗಿ ಬಗ್ಗಬೇಕು.

ಹೀಗೆ ಹೋಗಿ ಬಗ್ಗಿದವರು ಯಾರು, ಅವರು ಇಟ್ಟ ಹೆಸರುಗಳಿಗೆ ಏನಾಯಿತು, ಹೆಸರಿಡುವವನಿಗೆ ಆ ವಸ್ತುವಿನ ಮೇಲೆ ಇರುವ ಹಕ್ಕೇನು, ಹೊಣೆಯೇನು ಎಂಬದನ್ನು ಈ ಸಾರಿ ವಿಚಾರಿಸೋಣ. ಇದು ಪಂಡಿತರ ಚರ್ಚೆಯೆಂದು ಯಾರೂ ಪುಟವನ್ನು ತಿರುವಬಾರದು. ಹೆಸರಿನ ನೋವು ಏನೆಂಬದು ನಮ್ಮ ಸಭೆಗಳವರಿಗೆ ತಿಳಿದಷ್ಟು ಪಂಡಿತರಿಗೆ ತಿಳಿಯದು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮೃಗಶಿರದ ಮಳೆಯೂ ಆರಿದ್ರದ ಮಳೆಯೂ ಬಿದ್ದು ತೊಗರಿ, ಸಜ್ಜೆ, ಹೆಸರುಗಳು ಮೇಲಕ್ಕೆ ಬಂದ ಕೂಡಲೇ (ಒಂದು ಕಾಳಿಗೇ 'ಹೆಸರು' ಎಂದು ಹೆಸರಿಟ್ಟ ಭಾಷೆ ನಮ್ಮದು) ಸಾಲುಗಳ ನಡುವೆ ಬೇರೊಂದು ಹಸುರು ಏಳುವದು. ಅದನ್ನು ನಾವು 'ಕಸ' ಅನ್ನುತ್ತೇವೆ. ಮನೆಯ ಗುಡಿಸಿದ ಧೂಳಿಗೂ ಅದೇ ಮಾತು, ಹೊಲದಲ್ಲಿ ಬಿತ್ತದೆ ಬೆಳೆದ ಗಿಡಕ್ಕೂ ಅದೇ ಮಾತು. ಹೊಲದ ಒಡೆಯನು ಬದುವಿನ ಮೇಲೆ ನಿಂತು, ಕಸ ಬಹಳವಾಯಿತು, ನಾಳೆ ಹತ್ತು ಆಳು ಬೇಕು ಅನ್ನುತ್ತಾನೆ. ಅವನ ಮಾತಿನಲ್ಲಿ ಆ ಹಸುರಿಗೆ ಇರುವ ಹೆಸರು ಅದೊಂದೇ. ಮರುದಿನ ಕುರಪಿ ಹಿಡಿದು ಸಾಲಿನಲ್ಲಿ ಕೂಡ್ರುವ ಹೆಂಗಸರನ್ನು ಕೇಳಿರಿ. ಇದು ಹಕ್ಕರಿಕೆ, ಇದನ್ನು ಹಸಿಯಾಗಿಯೇ ರೊಟ್ಟಿಯ ಸಂಗಡ ತಿನ್ನಬಹುದು, ಇದು ಕಿರಕಸಾಲಿ, ಪಲ್ಯಕ್ಕೆ ಬರುವದು, ಇದು ಉತ್ತರಾಣಿ, ಇದರ ಕಾಳು ಸೀರೆಗೆ ಹತ್ತಿ ಮನೆಗೆ ಬರುವದು, ಇದು ನೆಗ್ಗಿಲು, ಹಿಮ್ಮಡಿಯನ್ನು ನೋಡಿಕೋ, ಇದು ತುಂಬೆ, ಇದು ನೆಲನೆಲ್ಲಿ, ಕಾಮಾಲೆಗೆ ಅರೆದು ಕುಡಿಸುತ್ತಾರೆ, ಇದು ಕರಿಕೆ, ಬೇರು ಬಿಟ್ಟರೆ ತಿರುಗಿ ಬರುವದು. ಒಡೆಯನಿಗೆ ಒಂದೇ ಆದದ್ದು ಕೂಲಿಯವಳಿಗೆ ಹತ್ತಾಗಿ, ಇಪ್ಪತ್ತಾಗಿ ಕಾಣುತ್ತದೆ. ಯಾಕಂದರೆ ಅವನು ನಿಂತು ನೋಡಿದನು, ಆಕೆಯು ಕೂತು ನೋಡಿದಳು. ಇದಲ್ಲದೆ ಮಧ್ಯಾಹ್ನದ ಪಲ್ಯವು ಆಕೆಗೆ ಆ ಕಸದಿಂದಲೇ ದೊರಕಬೇಕಾಗಿತ್ತು. ಹಸಿವೆಯೂ ಒಬ್ಬ ಉಪಾಧ್ಯಾಯನು.

ಇನ್ನು ಶಾಸ್ತ್ರಿಗಳ ಕಡೆಗೆ ಬರೋಣ. ಅವರು ಒಂದು ಕಾಡುಗಿಡವನ್ನು ವರ್ಣಿಸುವ ಕ್ರಮವು ಹೀಗೆ. ಹೂವೂ ಕಾಯಿಯೂ ಇರುವ ರೆಂಬೆಯೊಂದನ್ನು ಕೊಯ್ದು ಕಾಗದಗಳ ನಡುವೆ ಒತ್ತಿ ಒಣಗಿಸುತ್ತಾರೆ. ಅದರ ಸಂಗಡ ಒಂದು ಚೀಟಿಯನ್ನು ಇಡುತ್ತಾರೆ: ಯಾವ ಊರು, ಯಾವ ತಾರೀಖು, ಎರೆಯೋ ಮಸಾರಿಯೋ ಕಲ್ಲುಗುಡ್ಡವೋ, ಗಿಡದ ಎತ್ತರವೆಷ್ಟು, ಹೂವಿನ ಬಣ್ಣವೇನು (ಒಣಗಿದ ಮೇಲೆ ಬಣ್ಣವು ಉಳಿಯದಷ್ಟೆ), ಊರವರು ಅದನ್ನು ಏನೆಂದು ಕರೆಯುತ್ತಾರೆ. ಆ ಮೇಲೆ ಎಲೆಯ ಅಂಚು, ಕೂದಲು, ಎಸಳು, ಕೇಸರ, ಬೀಜ ಇವೆಲ್ಲವನ್ನು ಎಣಿಸಿ ಅಳೆದು ಬರೆಯುತ್ತಾರೆ. ಸ್ವೀಡನ್ ದೇಶದ ಪಾದ್ರಿಯೊಬ್ಬರ ಮಗನಾದ ಲಿನ್ನೇಯಸನು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲುಗೊಂಡು ಪ್ರತಿಯೊಂದು ಸಸ್ಯಕ್ಕೂ ಎರಡು ಮಾತಿನ ಲತೀನ್ ಹೆಸರು ರೂಢಿಯಾಯಿತು. ಮೊದಲನೆಯದು ಕುಲದ್ದು, ಎರಡನೆಯದು ಅದರೊಳಗಿನ ಜಾತಿಯದು.

ಕುಲ, ಜಾತಿ ಎಂಬ ಮಾತುಗಳನ್ನು ಕೇಳಿ ನಮ್ಮವರ ಕಿವಿ ನಿಮಿರುವದು ಸಹಜ. ಆದರೆ ಗಿಡದ ಜಾತಿಯು ಅದರ ಹೂವನ್ನು ಬಿಚ್ಚಿ ನೋಡಿದ ಮೇಲೆ ಗೊತ್ತಾದದ್ದು. ಹೆಚ್ಚಾಗಿ ನೋಡಿದವನು ಬಂದು ಅದು ತಪ್ಪೆಂದು ತೋರಿಸಿದರೆ ತಿದ್ದಲ್ಪಡುವಂಥದ್ದು. ಮನುಷ್ಯನ ಜಾತಿಯನ್ನು ಹಾಗೆ ಬಿಚ್ಚಿ ನೋಡಿ ಗೊತ್ತುಮಾಡಿದವರು ಯಾರೂ ಇಲ್ಲ, ತಿದ್ದಲಿಕ್ಕೆ ಒಪ್ಪಿದವರೂ ಬಹು ವಿರಳ. ಒಂದೇ ಮಾತು ಒಂದು ಕಡೆ ಜ್ಞಾನವಾಗಿಯೂ ಇನ್ನೊಂದು ಕಡೆ ಸಂಕಲೆಯಾಗಿಯೂ ಇರಬಹುದೆಂಬದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯು ಬೇಡ.

ನಮ್ಮ ಸೀಮೆಯ ಗಿಡಗಳು ಪುಸ್ತಕಕ್ಕೆ ಏರಿದ್ದು ತಡವಾಗಿ. ಕುಕ್ ಎಂಬವರು 1901ರಿಂದ 1908ರ ವರೆಗೆ ಮುಂಬಯಿ ಇಲಾಖೆಯ ಸಸ್ಯಗಳನ್ನು ವರ್ಣಿಸಿದರು. ಅದು ಪಕ್ಕದ ಬಿಜಾಪುರದ ವರೆಗೆ ಬಂತು. ಗ್ಯಾಂಬಲ್ ಎಂಬವರು ಮೊದಲುಮಾಡಿ 1915ರಿಂದ 1936ರ ವರೆಗೆ ಹೊರಟ ಮದ್ರಾಸ್ ಇಲಾಖೆಯ ಗ್ರಂಥವು ಬಳ್ಳಾರಿಯ ವರೆಗೆ ಬಂತು. ನಡುವೆ ನಿಜಾಮರ ರಾಜ್ಯದಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳು ಎರಡು ಗ್ರಂಥಗಳ ಹೊರಗುಳಿದವು. ಗಿಡಗಳಿಗೆ ರಾಜ್ಯದ ಗಡಿ ತಿಳಿಯದಿದ್ದರೂ ಅವುಗಳನ್ನು ಬರೆಯುವವರಿಗೆ ಅದು ಅಡ್ಡವಾಯಿತು. 1911ರಲ್ಲಿ ಪಾರ್ಟ್ರಿಜ್ ಎಂಬವರು ನಿಜಾಮರ ರಾಜ್ಯದ ಅರಣ್ಯಸಸ್ಯಗಳ ಪುಸ್ತಕವನ್ನು ಹೊರಡಿಸಿದರು. ಆದರೆ ಕಲಬುರಗಿ ಜಿಲ್ಲೆಗೆಂದೇ ಬರೆದ ಸಸ್ಯಗ್ರಂಥವನ್ನು ಗುಲಬರ್ಗಾ ವಿಶ್ವವಿದ್ಯಾಲಯವು 2000ದಲ್ಲಿ ಪ್ರಕಟಿಸಿತು. ಸೀತಾರಾಮ, ಕೋಟ್ರೇಶ, ಉಪ್ಳಾಂವಕರ ಎಂಬ ಮೂವರು ಅದರ ಕರ್ತೃಗಳು. ಆಗ ಈ ಮೂರು ತಾಲೂಕುಗಳು ಆ ಜಿಲ್ಲೆಯಲ್ಲಿಯೇ ಇದ್ದವು; ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ.

ಹೊಸ ಗಿಡವನ್ನು ವರ್ಣಿಸುವ ಭಾಷೆಯ ವಿಷಯದಲ್ಲಿಯೂ ಒಂದು ಕಟ್ಟಳೆ ಉಂಟು. 2011ನೇ ಇಸವಿಯ ಕೊನೆಯ ವರೆಗೆ ಲತೀನ್ ಭಾಷೆಯಲ್ಲಿಯೇ ಬರೆಯಬೇಕಾಗಿತ್ತು. ಆ ಮೇಲೆ ಇಂಗ್ಲಿಷಿಗೂ ಸಮ್ಮತಿ ದೊರಕಿತು. ಕನ್ನಡದಲ್ಲಿ ಎಷ್ಟು ನಿಷ್ಕರ್ಷೆಯಾಗಿ ಬರೆದರೂ ಆ ಹೆಸರು ಇಂದಿಗೂ ಅಂಗೀಕಾರವಾಗದು. ಆದರೂ ಕನ್ನಡದಲ್ಲಿ ಬರೆದವರು ಇಲ್ಲದಿಲ್ಲ. 1881ರಲ್ಲಿಯೇ ಸ್ಟೋಲ್ಜ್ ಪಾದ್ರಿಯವರು ಐನೂರು ಸಸ್ಯಗಳನ್ನೂ ಔಷಧಕ್ಕೂ ಕೈಕಸುಬಿಗೂ ಅವುಗಳಿಂದಾಗುವ ಉಪಯೋಗಗಳನ್ನೂ ಕನ್ನಡದಲ್ಲಿ ವಿವರಿಸಿದ ಪುಸ್ತಕವು ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಹೊರಬಿತ್ತು. ಓದಬಲ್ಲ ಬಡವನಿಗೆ ತನ್ನ ಹಿತ್ತಲ ಗಿಡವು ತನ್ನ ಭಾಷೆಯಲ್ಲಿಯೇ ಕಾಣಿಸಬೇಕೆಂಬ ಆ ವಿಚಾರವು ಹಳೆಯದಾಗಿಲ್ಲ.

ಈಗ ಮುಖ್ಯ ಪ್ರಶ್ನೆ. ಚೀಟಿಯ ಮೇಲೆ ಊರವರ ಹೆಸರಿಗೆ ಒಂದು ಗೆರೆಯಷ್ಟು ಸ್ಥಳವಿದೆಯಷ್ಟೆ. ಆ ಗೆರೆಯಲ್ಲಿ ಬರೆದದ್ದನ್ನು ಹೇಳಿಕೊಟ್ಟವರು ಯಾರು? ದನ ಕಾಯುವ ಹುಡುಗನು, ಗುಡ್ಡದಿಂದ ಕಟ್ಟಿಗೆ ಹೊತ್ತು ತರುವವಳು, ನಾಟಿ ವೈದ್ಯನು. ಅವರ ಹೆಸರು ಗ್ರಂಥದಲ್ಲಿ ಬರುವದು ಅಪರೂಪ. ಹೀಗಿರಲಾಗಿ ಅಪೂರ್ವವಾದ ಒಂದು ಸತ್ಪದ್ಧತಿಯನ್ನು ಹೇಳಬೇಕು. ಕೊಚ್ಚಿಯ ಡಚ್ ಅಧಿಕಾರಿಯಾದ ವಾನ್ ರೀಡನು ಮಲಬಾರಿನ ಸಸ್ಯಗಳ ಮೇಲೆ 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳನ್ನು ಹೊರಡಿಸಿದನು. ಅದರಲ್ಲಿ ಗಿಡಗಳ ಗುಣಗಳನ್ನು ಹೇಳಿಕೊಟ್ಟ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನ 1675ರ ಹೇಳಿಕೆಯನ್ನು ಅವನದೇ ಭಾಷೆಯಲ್ಲಿ, ಅವನದೇ ಲಿಪಿಯಲ್ಲಿ ಮುದ್ರಿಸಿದನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ಸಾಕ್ಷಿಯೂ ಅಲ್ಲಿದೆ. ಬ್ರಾಹ್ಮಣನು ಮುಟ್ಟಲೊಲ್ಲದ ಈಳವನ ಹೆಸರು ಬ್ರಾಹ್ಮಣರ ಹೆಸರುಗಳ ಜೊತೆಯಲ್ಲಿ ಒಂದೇ ಗ್ರಂಥದಲ್ಲಿ ಕೂತಿತು. ಆ ಕಾಲದಲ್ಲಿ ಅವರು ಬೇರೆ ಎಲ್ಲಿಯೂ ಒಂದೇ ಪಂಕ್ತಿಯಲ್ಲಿ ಕೂಡ್ರುತ್ತಿರಲಿಲ್ಲ.

ಆ ಗ್ರಂಥದ ಮೂಲಕ ದಕ್ಷಿಣದ ಜನರ ಮಾತುಗಳು ಲತೀನಿನೊಳಗೆ ಹೋದವು. ನಮ್ಮ ಬಸಳೆಯು ಶಾಸ್ತ್ರದಲ್ಲಿ ಬಸೆಲ್ಲಾ. ಹೊಂಗೆಯು ಪೊಂಗಾಮಿಯಾ, ತಮಿಳು ಮಲೆಯಾಳಗಳ ಪಕಾರಕ್ಕೆ ಕನ್ನಡದಲ್ಲಿ ಹಕಾರವಾಗುವದೆಂದು ಬಲ್ಲವರಿಗೆ ಎರಡೂ ಒಂದೇ ಮಾತೆಂದು ತಿಳಿಯುವದು. ಆದರೆ ಮುತ್ತಲದ ಗತಿಯು ಬೇರೆ. ನಮ್ಮ ಸೀಮೆಯಲ್ಲಿ ಮದುವೆಯ ಊಟವನ್ನು ಯಾವ ಎಲೆಯ ಪತ್ರಾವಳಿಯಲ್ಲಿ ಬಡಿಸುತ್ತಿದ್ದರೋ ಆ ಮರದ ಕುಲಕ್ಕೆ ಬ್ಯೂಟಿಯಾ ಎಂದು ಹೆಸರು. 1762ರಲ್ಲಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ಬ್ಯೂಟ್ ಪ್ರಭುವು ಸಸ್ಯಶಾಸ್ತ್ರಕ್ಕೆ ಆಶ್ರಯವಿತ್ತನೆಂದು ಅವನ ಗೌರವಾರ್ಥವಾಗಿ ಇಟ್ಟದ್ದು. ಅವನು ಎಂದೂ ಆ ಎಲೆಯಲ್ಲಿ ಉಂಡವನಲ್ಲ.

ಜಾಲಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕನ್ನಡ ಸತ್ಯವೇದವನ್ನು ಓದುವವರಿಗೆ ಒಡಂಬಡಿಕೆಯ ಮಂಜೂಷವು ಜಾಲೀಮರದಿಂದ ಮಾಡಲ್ಪಟ್ಟಿತೆಂಬದು ಗೊತ್ತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರಕಿದ್ದು ನಮ್ಮ ಕರಿಜಾಲಿಯೇ ಅಲ್ಲ, ಅದರ ದಾಯಾದಿ. ಆದರೂ ಭಾಷಾಂತರಿಸಿದವರು ಒಳ್ಳೆಯ ಮಾತನ್ನೇ ಆರಿಸಿದರು. ಬಂಡಿಯ ಗಾಲಿಗೂ ನೇಗಿಲಿಗೂ ಒದಗುವ, ಬದುವಿನ ಮೇಲೆ ಮುಳ್ಳು ಚಾಚಿ ನಿಂತ, ಕಾಯಿಯನ್ನು ಆಡಿಗೆ ಕೊಡುವ ಮರವು ಮಂಜೂಷಕ್ಕೂ ಸಾಕಾಯಿತೆಂಬದು ಬಡ ಓದುಗನಿಗೆ ಸಮಾಧಾನದ ಸಂಗತಿ. ಈ ಕರಿಜಾಲಿಯ ಕುಲಕ್ಕೆ ಶಾಸ್ತ್ರದಲ್ಲಿ ಅಕೇಸಿಯಾ ಎಂದು ಹೆಸರಿತ್ತು. ಇತ್ತು ಮಾತ್ರವಲ್ಲ, ಒಂದು ಕುಲದ ಹೆಸರನ್ನು ಯಾವುದಾದರೊಂದು ಜಾತಿಯ ಮೇಲೆ ನೆಡಬೇಕೆಂಬ ನಿಯಮದಂತೆ ಅಕೇಸಿಯಾ ಎಂಬ ಹೆಸರು ಈ ಕರಿಜಾಲಿಯ ಮೇಲೆಯೇ ನೆಟ್ಟಿತ್ತು. ಕುಲವು ಒಡೆದು ಭಾಗವಾದರೆ ಹೆಸರು ನೆಟ್ಟ ಕಡೆಗೇ ಉಳಿಯಬೇಕು. ಕುಲವನ್ನು ಒಡೆಯಬೇಕೆಂದು ಶಾಸ್ತ್ರಿಗಳಿಗೆ ಕಂಡಿತು. ಆಗ ಆಸ್ಟ್ರೇಲಿಯದವರು ಮುಂದೆ ಬಂದು, ನಮ್ಮ ದೇಶದಲ್ಲಿ ಈ ಕುಲದ ಜಾತಿಗಳು ಸಾವಿರದಷ್ಟಿವೆ, ಅವುಗಳ ಹೆಸರೆಲ್ಲಾ ಬದಲಾದರೆ ಬಹು ತೊಂದರೆ, ಆದಕಾರಣ ಹೆಸರನ್ನು ನಮ್ಮ ಕಡೆಯ ಮರವೊಂದರ ಮೇಲೆ ನೆಡಿರಿ ಅಂದರು. 2005ರಲ್ಲಿ ವಿಯೆನ್ನಾ ನಗರದ ಮಹಾಸಭೆಯಲ್ಲಿ ಮತ ತೆಗೆದುಕೊಂಡರು. ಈ ಬದಲಾವಣೆ ಬೇಡವೆಂದವರೇ ಅರ್ಧಕ್ಕಿಂತ ಹೆಚ್ಚು. ಆದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಬೇಕಾದರೆ ನೂರಕ್ಕೆ 60 ಮತಗಳು ಬೇಕೆಂಬ ಕಟ್ಟಳೆಯಿತ್ತು; ಅಷ್ಟು ಬೀಳಲಿಲ್ಲ. 2011ರಲ್ಲಿ ಸಭೆಯು ತಿರುಗಿ ಕೂಡಿದಾಗ ಅದೇ ತೀರ್ಮಾನವು ಸ್ಥಿರವಾಯಿತು. ಆ ಸಭೆ ಕೂಡಿದ್ದು ಮೆಲ್ಬೋರ್ನಿನಲ್ಲಿ, ಅಂದರೆ ಆಸ್ಟ್ರೇಲಿಯದಲ್ಲಿಯೇ.

ಕರಿಜಾಲಿಗೆ ಈಗಿರುವ ಕುಲನಾಮವು ವಾಚೆಲಿಯಾ. ವಾಚೆಲ್ ಎಂಬವನು ಮಕಾವಿನಲ್ಲಿದ್ದ ಇಂಗ್ಲಿಷ್ ವರ್ತಕರ ಪಾದ್ರಿ. ಚೀನದೇಶದ ಗಿಡಗಳನ್ನು ಕೂಡಿಸಿದವನು. ಪಾದ್ರಿಯ ಹೆಸರು ನಮ್ಮ ಬದುವಿನ ಮರಕ್ಕೆ ಬಂತೆಂದು ನಾವು ಹಿಗ್ಗಬೇಕೋ? ನನಗೇನೋ ಹಿಗ್ಗು ಬರಲಿಲ್ಲ. ಯಾಕಂದರೆ ಇನ್ನೊಬ್ಬ ಪಾದ್ರಿಯಿದ್ದರು. ರಾಟ್ಲರ್ ಎಂಬ ಅವರು 1776ರಲ್ಲಿ ತರಂಗಂಬಾಡಿಗೆ ಬಂದು, 1836ರಲ್ಲಿ ತೀರಿಹೋಗುವ ವರೆಗೆ ಅರುವತ್ತು ವರುಷ ಈ ದಕ್ಷಿಣದಲ್ಲಿಯೇ ಇದ್ದು, ಸುವಾರ್ತಾಸೇವೆಯ ಜೊತೆಗೆ ಗಿಡಗಳನ್ನು ಒಣಗಿಸಿ ವರ್ಣಿಸಿದರು. ರಾಕ್ಸ್‌ಬರ್ಗನು ಕುಂಕುಮದ ಮರಕ್ಕೆ ಅವರ ಹೆಸರನ್ನು ಕೊಟ್ಟನು. ಅದಕ್ಕಿಂತ ಮುಂಚಿನ ಹೆಸರೊಂದು ಇತ್ತೆಂದು ಕಂಡುಬಂದದ್ದರಿಂದ ಅದು ಬಿದ್ದುಹೋಯಿತು. ಅರುವತ್ತು ವರುಷ ಬಗ್ಗಿದವರ ಹೆಸರು ಹೋಯಿತು, ಮಕಾವಿನವನ ಹೆಸರು ನಮ್ಮ ಹೊಲಕ್ಕೆ ಬಂತು. ಆಸ್ಟ್ರೇಲಿಯದವರ ಲೆಕ್ಕದಲ್ಲಿಯೂ ತಪ್ಪಿಲ್ಲ, ಮುಂಚಿನ ಹೆಸರನ್ನು ಎತ್ತಿಹಿಡಿದ ನಿಯಮದಲ್ಲಿಯೂ ತಪ್ಪಿಲ್ಲ. ಆದರೂ ಸಭೆಯ ಲೆಕ್ಕವು ಒಂದು, ನ್ಯಾಯವು ಮತ್ತೊಂದು ಎಂಬದನ್ನು ಹಳ್ಳಿಯ ಪಂಚಾಯತಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಊರವರ ಹೆಸರೇ ಸಾಕು, ಲತೀನ್ ಹೆಸರು ಸುಡಲಿ ಎಂದು ಯಾರಾದರೂ ಅನ್ನಬಹುದು. ಅದೂ ನಿಲ್ಲದ ಮಾತು. ನೆಲನೆಲ್ಲಿಯನ್ನೇ ತೆಗೆದುಕೊಳ್ಳಿರಿ. ಎಲೆಗಳ ಕೆಳಗೆ ಸಾಸಿವೆಯಂಥ ಕಾಯಿಗಳು ಸಾಲಾಗಿರುವ ಮೂರು ನಾಲ್ಕು ಬೇರೆ ಬೇರೆ ಗಿಡಗಳಿಗೆ ಈ ಒಂದೇ ಹೆಸರು. ಅವು ಕಲೆತು ಅಂಗಡಿಗೂ ಹೋಗುತ್ತವೆ. ಕಾಮಾಲೆಯವನಿಗೆ ಅರೆದು ಕೊಡುವಾಗ ಯಾವುದು ಯಾವುದೆಂದು ತಿಳಿಯದಿದ್ದರೆ ಅವನ ಪ್ರಾಣದ ಮಾತು. ಇನ್ನು ಬಳ್ಳಾರಿ ಜಾಲಿಯು ಬಳ್ಳಾರಿಯದಲ್ಲ, ಅಮೆರಿಕದಿಂದ ಬಂದದ್ದು. ಗುಡ್ಡದಲ್ಲಿ ತಾನಾಗಿಯೇ ಬೆಳೆದು ಮಕ್ಕಳ ಹೊಟ್ಟೆ ತುಂಬಿಸುವ ಸೀತಾಫಲವೂ ಅಮೆರಿಕದ್ದೇ. ಸೀತೆಯ ಹೆಸರು ಅದಕ್ಕೆ ಆ ಮೇಲೆ ಅಂಟಿದ್ದು. ಆವರಿಕೆಯೆಂದು ಒಬ್ಬನು, ತಂಗಡಿಯೆಂದು ಇನ್ನೊಬ್ಬನು ಕರೆದರೆ, ತೆಲುಗು, ಮರಾಠಿ, ಉರ್ದು ಕಲೆತ ಈ ಗಡಿಸೀಮೆಯಲ್ಲಿ ಇಬ್ಬರೂ ಒಂದೇ ಹಳದಿ ಹೂವಿನ ಗಿಡವನ್ನು ಹೇಳುತ್ತಿದ್ದಾರೆಂದು ಗೊತ್ತಾಗುವದು ಕಷ್ಟ. ಎಲ್ಲರಿಗೂ ಸಮವಾದ ಒಂದು ಹೆಸರು ಬೇಕು.

ಆದರೆ ಊರವರನ್ನು ಅಜ್ಞಾನಿಗಳೆನ್ನುವವರು ಇನ್ನೊಂದನ್ನು ನೋಡಬೇಕು. ನೆಲನೆಲ್ಲಿಯೆಂಬ ಹೆಸರನ್ನು ಇಟ್ಟವನು, ಗೇಣುದ್ದದ ಈ ಗಿಡಕ್ಕೂ ಗುಡ್ಡದ ನೆಲ್ಲಿಮರಕ್ಕೂ ಸಂಬಂಧವುಂಟೆಂದು ಎಲೆಯನ್ನೂ ಕಾಯಿಯನ್ನೂ ನೋಡಿಯೇ ಕಂಡುಕೊಂಡನು. ಲಿನ್ನೇಯಸನು 1753ರಲ್ಲಿ ನೆಲ್ಲಿಯನ್ನೂ ನೆಲನೆಲ್ಲಿಯ ಜಾತಿಗಳನ್ನೂ ಒಂದೇ ಕುಲದಲ್ಲಿ ಇಟ್ಟನು. ಕರಿಜಾಲಿ, ಬಿಳಿಜಾಲಿ ಎಂಬವು ಕುಲವೂ ಜಾತಿಯೂ ಕೂಡಿದ ಎರಡು ಮಾತಿನ ಹೆಸರುಗಳಲ್ಲದೆ ಮತ್ತೇನು? ಬಿಳಿಜಾಲಿಗೆ ಶಾಸ್ತ್ರಿಗಳು ಇಟ್ಟ ಗ್ರೀಕ್ ವಿಶೇಷಣದ ಅರ್ಥವೂ ಬಿಳಿ ತೊಗಟೆಯದು ಎಂದೇ. ಒಂದನ್ನೊಂದು ಅರಿಯದ ಇಬ್ಬರು ಒಂದೇ ಮರದ ಮುಂದೆ ನಿಂತು ಒಂದೇ ಮಾತನ್ನು ಆಡಿದರು. ಗೋದಿಯಲ್ಲಿ ಬೆಳೆದ ಹಣಜಿಯ ಸಾಮ್ಯವು ನೆನಪಿಗೆ ಬರುತ್ತದೆ. ಹಣಜಿಯು ತೆನೆ ಬಿಡುವ ವರೆಗೆ ಗೋದಿಯ ಹಾಗೆಯೇ ಕಾಣುವದು. ಕೀಳಲಿಕ್ಕೆ ಅವಸರಪಟ್ಟ ಆಳುಗಳನ್ನು ಯಜಮಾನನು ತಡೆದದ್ದು ಹಣಜಿಯ ಸಂಗಡ ಗೋದಿಯನ್ನೂ ಅವರು ಕಿತ್ತಾರೆಂದು.

ಹೀಗೆ ಹೆಸರು ಎರಡು ಬಗೆಯಾಗಿ ಹುಟ್ಟುವದೆಂದು ನನಗೆ ತೋರುತ್ತದೆ. ನೋಡಿದ್ದರಿಂದ ಹುಟ್ಟಿದ ಹೆಸರು ಒಂದು. ಇನ್ನು ನೋಡಬೇಕಾಗಿಲ್ಲವೆಂದು ಇಟ್ಟ ಹೆಸರು ಮತ್ತೊಂದು. ನೆಲನೆಲ್ಲಿಯೆಂಬದು ಮೊದಲನೆಯದು, ಕಸವೆಂಬದು ಎರಡನೆಯದು. ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರು ಊರ ಅಂಗಳದಲ್ಲಿ ಎಂದಾದರೂ ತಮ್ಮ ಹೆಸರಿನಿಂದ ಕರೆಸಿಕೊಂಡರೋ? ಜಾತಿಯ ಹೆಸರನ್ನೇ ಬೈಗುಳದಂತೆ ಕೂಗುತ್ತಿದ್ದರು; ಕರೆದವನಿಗೆ ಅಷ್ಟು ಸಾಕಾಗಿತ್ತು, ಮುಖವನ್ನು ನೋಡಬೇಕಾಗಿರಲಿಲ್ಲ. ದೀಕ್ಷಾಸ್ನಾನದ ದಿನ ಸಭೆಯ ಮುಂದೆ ಒಬ್ಬೊಬ್ಬರನ್ನು ಅವರವರ ಹೆಸರಿನಿಂದ ಕರೆದಾಗ ಮುದುಕರೂ ಅತ್ತರೆಂಬದಕ್ಕೆ ಕಾರಣವಿದೆ. ದಕ್ಷಿಣ ಆಫ್ರಿಕದಲ್ಲಿ ಕಪ್ಪುಜನರನ್ನು ಹೀಯಾಳಿಸುವ ಒಂದು ಮಾತು ಕಾಫ್ರಾ ಎಂಬ ರೂಪದಲ್ಲಿ ಇನ್ನೂರಕ್ಕಿಂತ ಹೆಚ್ಚು ಸಸ್ಯಜಾತಿಗಳ ಹೆಸರಿನಲ್ಲಿ ಸೇರಿಕೊಂಡಿತ್ತು. 2024ನೇ ಜುಲೈ ತಿಂಗಳಲ್ಲಿ ಮಡ್ರಿಡ್ ನಗರದಲ್ಲಿ ಕೂಡಿದ ಸಸ್ಯಶಾಸ್ತ್ರಿಗಳು ಅದನ್ನು ಅಫ್ರಾ ಎಂದು ಮಾರ್ಪಡಿಸಬೇಕೆಂದು ಮತಕೊಟ್ಟರು. ಹೆಸರು ಇಷ್ಟವಿಲ್ಲವೆಂಬ ಕಾರಣಕ್ಕೆ ಅದನ್ನು ಬದಲಿಸಬಾರದೆಂಬದು ಅವರ ಹಳೆಯ ನಿಯಮ; ಒಂದಕ್ಕೆ ಒಪ್ಪಿದರೆ ಸಾವಿರ ಅರ್ಜಿಗಳು ಬರುವವೆಂದು ಅಂಜಿದವರು ಬಹಳ. ಒಂದೇ ಅಕ್ಷರವನ್ನು ತೆಗೆಯಲಿಕ್ಕೆ ಅಷ್ಟು ಚರ್ಚೆಯಾಯಿತು. ಗಿಡಕ್ಕೆ ನೋವಾಗಲಿಲ್ಲವಲ್ಲಾ ಎಂದು ಕೇಳುವವರಿಗೆ, ಆ ಹೆಸರನ್ನು ಪಾಠವಾಗಿ ಓದಬೇಕಾದ ಮಗುವಿಗೆ ಆಯಿತೆಂದೇ ಉತ್ತರ.

ಇದೆಲ್ಲಾ ಸರಿ, ಆದರೆ ಕಸವನ್ನು ಕೀಳದಿದ್ದರೆ ಜೋಳವು ಬರುವದೋ ಎಂದು ಒಕ್ಕಲಿಗನು ಕೇಳುವನು. ಬಾರದು. ಕೀಳಲೇಬೇಕು. ಹಕ್ಕರಿಕೆಯನ್ನು ಕನಿಕರಿಸಿ ಬಿಟ್ಟವನ ಕಣಜವು ತುಂಬದು. ಆದರೆ ಕೈಯಿಂದ ಕೀಳುವವಳು ಕೀಳುವದಕ್ಕೆ ಮುಂಚೆ ಪ್ರತಿಯೊಂದನ್ನೂ ನೋಡುತ್ತಾಳೆ. ಪಲ್ಯಕ್ಕೆ ಬರುವದನ್ನು ಮಡಿಲಿಗೂ, ಆಡಿಗೆ ಬರುವದನ್ನು ಬುಟ್ಟಿಗೂ, ಉಳಿದದ್ದನ್ನು ಬದುವಿಗೂ ಹಾಕುತ್ತಾಳೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟೆಯು ಮುಗಿದು ಕೃಷ್ಣೆಯ ಕಾಲುವೆಯು ಹರಿದ ಮೇಲೆ ಶಹಾಪುರ, ಸುರಪುರಗಳ ಬಹಳ ಹೊಲಗಳು ಗದ್ದೆಗಳಾದವು. ಈಗ ಬೆನ್ನಿಗೆ ಪಂಪು ಕಟ್ಟಿಕೊಂಡು ಕಸನಾಶಕವನ್ನು ಹೊಡೆಯುತ್ತಾರೆ. ಆ ಔಷಧಕ್ಕೆ ಕಿರಕಸಾಲಿಯೂ ಒಂದೇ, ನೆಗ್ಗಿಲೂ ಒಂದೇ. ಬಗ್ಗುವ ಕಷ್ಟವು ಹೋಯಿತೆಂಬದು ಆ ಹೆಂಗಸರ ಬೆನ್ನಿಗೆ ಸುಖವೇ, ಅದನ್ನು ನಾನು ಹಳಿಯಲಾರೆನು. ಆದರೆ ಕೂಲಿಯೂ ಪಲ್ಯವೂ ಅದರ ಸಂಗಡ ಹೋದವು. ಮತ್ತು ತಾಯಿಯ ಮಗ್ಗುಲಲ್ಲಿ ಕೂತು ಇಪ್ಪತ್ತು ಹೆಸರುಗಳನ್ನು ಕಲಿಯುತ್ತಿದ್ದ ಹುಡುಗಿಗೆ ಈಗ ಒಂದೇ ಹೆಸರು ಉಳಿಯಿತು, ಒಡೆಯನು ಹೇಳುತ್ತಿದ್ದದ್ದೇ. ಊರಶಾಲೆಯ ಉಪಾಧ್ಯಾಯರು ಮಳೆಗಾಲದ ಒಂದು ಶನಿವಾರ ಮಕ್ಕಳನ್ನು ಕಟ್ಟಿಕೊಂಡು ಬದುವಿಗೆ ಹೋಗಿ, ಒಬ್ಬ ಮುದುಕಿಯನ್ನು ಮುಂದೆ ನಿಲ್ಲಿಸಿ, ಆಕೆಯು ಹೇಳುವದನ್ನು ಒಂದು ವಹಿಯಲ್ಲಿ ಬರೆಯಿಸಿದರೆ, ಮತ್ತು ಚೀಟಿಯಲ್ಲಿ ಗಿಡದ ಹೆಸರಿನ ಕೆಳಗೆ ಆ ಮುದುಕಿಯ ಹೆಸರನ್ನೂ ಬರೆಯಿಸಿದರೆ, ವಾನ್ ರೀಡನು ಮಾಡಿದ ಕೆಲಸವನ್ನೇ ಅವರು ಮಾಡಿದ ಹಾಗಾಯಿತು.

ಆ ವಹಿಯ ಮೊದಲನೆಯ ಪುಟಕ್ಕೆ ಕನ್ನೆಯು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕೆಲವೆಡೆ ಹಿತ್ತಗಣಿ ಎಂದೂ ಕರೆಯುವ ನೀಲಿಹೂವಿನ ಕಸ. ಅದರ ಕುಲಕ್ಕೆ ಕಾಮೆಲಿನಾ ಎಂದು ಹೆಸರು. ಕಾಮೆಲಿನ್ ಮನೆತನದಲ್ಲಿ ಮೂವರು ಸಸ್ಯಶಾಸ್ತ್ರಕ್ಕೆ ಕೈಹಾಕಿದರಂತೆ, ಅವರಲ್ಲಿ ಇಬ್ಬರು ಪ್ರಸಿದ್ಧರಾದರು, ಮೂರನೆಯವನು ಏನನ್ನೂ ಮುಗಿಸದೆ ಸತ್ತನು. ಈ ಹೂವಿನಲ್ಲಿಯೂ ಎರಡು ಎಸಳುಗಳು ದೊಡ್ಡವು, ಮೂರನೆಯದು ಚಿಕ್ಕದು ಎಂದು ಲಿನ್ನೇಯಸನು ವಿನೋದವಾಗಿ ಬರೆದನು. ಪ್ರಸಿದ್ಧರಾದ ಇಬ್ಬರಲ್ಲಿ ಒಬ್ಬನು ವಾನ್ ರೀಡನ ಗ್ರಂಥಕ್ಕೆ ಟಿಪ್ಪಣಿ ಬರೆದವನೇ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವದು, ಆದಕಾರಣ ಮಕ್ಕಳನ್ನು ಹೊತ್ತಿಗೆ ಮುಂಚೆ ಕರೆದೊಯ್ಯಬೇಕು. ಮೂರನೆಯ ಎಸಳನ್ನು ಕಾಣಿಸಿದ ಮೇಲೆ ಬೇರನ್ನೂ ಮೆಲ್ಲಗೆ ಅಗೆದು ತೋರಿಸಿರಿ: ಈ ಗಿಡವು ಮಣ್ಣಿನೊಳಗೂ ಹೂ ಬಿಟ್ಟು ಅಲ್ಲಿಯೇ ಬೀಜ ಕಟ್ಟುವದು. ಕಿತ್ತು ಬದುವಿಗೆ ಎಸೆದ ತುಂಡು ಸಹ, ಆ ರಾತ್ರಿ ಮಳೆ ಬಿದ್ದರೆ, ಗೆಣ್ಣಿನಿಂದ ಬೇರು ಇಳಿಸಿಕೊಂಡು ಅಲ್ಲಿಯೇ ತಿರುಗಿ ಬೆಳೆಯುವದು.